ಟೆಸ್ಟ್ ಪೈಲಟ್‌ಗಳೇ ಯಾಕೆ ಗಗನಯಾತ್ರಿ ಆಗ್ತಾರೆ? ಧಾರವಾಡದ ಹೆಸರುಕಾಳು ಬೆಳೆಸಿದ ಶುಭಾಂಶು ಶುಕ್ಲಾ ನಡೆದ ದಾರಿ ಇದು

ಧಾರವಾಡ: ನಮ್ಮ ಕೃಷಿ ವಿಶ್ವವಿದ್ಯಾಲಯದ ಹೆಸರುಕಾಳು ಮತ್ತು ಮೆಂತ್ಯ ಕಾಳು 2025ರ ಜೂನ್‌ನಲ್ಲಿ ಬಾಹ್ಯಾಕಾಶಕ್ಕೆ ಹೋಗಿದ್ದು ಜಿಲ್ಲೆಯ ಬಹಳ ಜನರಿಗೆ ಗೊತ್ತೇ ಇದೆ. ಭೂಮಿಯಿಂದ ಸುಮಾರು 400 ಕಿ.ಮೀ. ಎತ್ತರದಲ್ಲಿ ಸುತ್ತುವ ಅಂತಾರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣದಲ್ಲಿ ಆ ಕಾಳಿಗೆ ಮೊಳಕೆ ಬರಿಸಿ, ಫೋಟೊ ತೆಗೆದು, ಫ್ರೀಜರ್‌ನಲ್ಲಿ ಇಟ್ಟವರು ಗ್ರೂಪ್ ಕ್ಯಾಪ್ಟನ್ ಶುಭಾಂಶು ಶುಕ್ಲಾ. ಅವರು ಕೃಷಿ ವಿಜ್ಞಾನಿ ಅಲ್ಲ, ಭಾರತೀಯ ವಾಯುಪಡೆಯ ಟೆಸ್ಟ್ ಪೈಲಟ್.

ಅವರೊಬ್ಬರೇ ಅಲ್ಲ. ಇಸ್ರೋದ ಗಗನಯಾನ ಯೋಜನೆಗೆ ಆಯ್ಕೆಯಾದ ನಾಲ್ವರೂ ಟೆಸ್ಟ್ ಪೈಲಟ್‌ಗಳೇ. ದೇಶದಲ್ಲಿ ಇಷ್ಟೊಂದು ವಿಜ್ಞಾನಿಗಳು, ಡಾಕ್ಟರ್‌ಗಳು, ಇಂಜಿನಿಯರ್‌ಗಳು ಇರುವಾಗ ಇವರನ್ನೇ ಯಾಕೆ ಆರಿಸಿದ್ರು?

‘ಧೈರ್ಯ ಜಾಸ್ತಿ, ಅದಕ್ಕೆ’ ಅನ್ನೋದು ಸಾಮಾನ್ಯವಾಗಿ ಸಿಗುವ ಉತ್ತರ. ಧೈರ್ಯ ಬೇಕು, ನಿಜ. ಆದ್ರೆ ಮುಖ್ಯ ಕಾರಣ ಬೇರೆ ಇದೆ. ಇನ್ನೂ ಪೂರ್ತಿ ನಂಬಲಾಗದ ಯಂತ್ರದಲ್ಲಿ ಕೂತು, ಅದು ಹೇಗೆ ನಡೆದುಕೊಳ್ತು ಅಂತ ಒಂದಂಶವೂ ಬಿಡದೆ ಬಂದು ಹೇಳೋದು ಟೆಸ್ಟ್ ಪೈಲಟ್‌ನ ಕೆಲಸ. ಹೊಸ ಗಗನನೌಕೆ ಕಟ್ಟುವ ದೇಶಕ್ಕೆ ಮೊದಲು ಬೇಕಾಗೋದು ಅಂಥವರೇ.

ಟೆಸ್ಟ್ ಪೈಲಟ್ ಅಂದ್ರೆ ಯಾರು?

ವಾಯುಪಡೆಯ ಪೈಲಟ್‌ಗೆ ಸಿಗೋದು ಪರೀಕ್ಷೆ ಮುಗಿದ ವಿಮಾನ. ಎಷ್ಟು ವೇಗದಲ್ಲಿ ಹೋಗಬಹುದು, ಎಷ್ಟು ತಿರುಗಿಸಬಹುದು, ಇಂಜಿನ್ ಕೈಕೊಟ್ಟರೆ ಏನು ಮಾಡಬೇಕು ಅಂತ ಕೈಪಿಡಿಯಲ್ಲಿ ಬರೆದಿರುತ್ತೆ. ಆ ಕೈಪಿಡಿ ತಯಾರಾಗೋಕೆ ಮುಂಚೆ ಯಾರೋ ಒಬ್ಬರು ವಿಮಾನವನ್ನ ಹಾರಿಸಿ ನೋಡಲೇಬೇಕಲ್ಲ? ಅವರೇ ಟೆಸ್ಟ್ ಪೈಲಟ್.

ಹೊಸ ವಿಮಾನ ಮಾತ್ರ ಅಲ್ಲ. ಹಳೇ ವಿಮಾನಕ್ಕೆ ಹೊಸ ರಡಾರ್ ಕೂರಿಸಿದ್ರೂ, ರೆಕ್ಕೆ ಕೆಳಗೆ ಹೊಸ ಕ್ಷಿಪಣಿ ಕಟ್ಟಿದ್ರೂ, ಕಾರ್ಖಾನೆಯಿಂದ ರಿಪೇರಿಯಾಗಿ ಬಂದ್ರೂ ಮೊದಲು ಹಾರಿಸಿ ನೋಡೋದು ಇವರೇ. ವಾಯುಪಡೆಗೆ ಇದಕ್ಕಾಗಿಯೇ ಬೆಂಗಳೂರಿನಲ್ಲಿ ಒಂದು ಸಂಸ್ಥೆ ಇದೆ. ಹೆಸರು ಏರ್‌ಕ್ರಾಫ್ಟ್ ಅಂಡ್ ಸಿಸ್ಟಮ್ಸ್ ಟೆಸ್ಟಿಂಗ್ ಎಸ್ಟಾಬ್ಲಿಷ್‌ಮೆಂಟ್. ವಾಯುಪಡೆಯ ಟೆಸ್ಟ್ ಪೈಲಟ್ ಶಾಲೆ ನಡೆಯೋದು ಇದರಡಿಯಲ್ಲೇ. ಸುಮಾರು ಒಂದು ವರ್ಷದ ಕೋರ್ಸ್. ಅನುಭವ ಇರೋ ಪೈಲಟ್‌ಗಳಲ್ಲೂ ಕೆಲವರಿಗೆ ಮಾತ್ರ ಇಲ್ಲಿ ಸೀಟು ಸಿಗುತ್ತೆ. ಪೈಲಟ್‌ಗಳ ಜೊತೆ ಫ್ಲೈಟ್ ಟೆಸ್ಟ್ ಇಂಜಿನಿಯರ್‌ಗಳೂ ಇಲ್ಲೇ ತಯಾರಾಗ್ತಾರೆ.

ಇಲ್ಲಿ ಕಲಿಸೋದು ಸಾಹಸ ಅಲ್ಲ, ಲೆಕ್ಕಾಚಾರ. ವಿಮಾನದ ಗರಿಷ್ಠ ವೇಗ ನೋಡಬೇಕಿದ್ರೆ ಮೊದಲ ದಿನವೇ ಅಲ್ಲಿಗೆ ಹೋಗಲ್ಲ. ಇವತ್ತು ಸ್ವಲ್ಪ, ಇಳಿದು ಬಂದು ಅಂಕಿಅಂಶ ನೋಡಿ, ಇಂಜಿನಿಯರ್‌ಗಳು ಹೂಂ ಅಂದ ಮೇಲೆ ಮುಂದಿನ ಹಾರಾಟದಲ್ಲಿ ಇನ್ನೂ ಸ್ವಲ್ಪ. ಪ್ರತಿ ಹಾರಾಟದಲ್ಲಿ ಏನೇನು ಮಾಡಬೇಕು ಅಂತ ಕಾರ್ಡ್‌ನಲ್ಲಿ ಬರೆದಿರುತ್ತೆ. ಅದರಲ್ಲಿ ಇಲ್ಲದ್ದನ್ನ ಮಾಡೋ ಹಾಗಿಲ್ಲ. ತೇಜಸ್ ಯುದ್ಧವಿಮಾನ 2001ರ ಜನವರಿ 4ರಂದು ಬೆಂಗಳೂರಿನಲ್ಲಿ ಮೊದಲ ಸಲ ಹಾರಿದಾಗ ಆಕಾಶದಲ್ಲಿ ಇದ್ದಿದ್ದು 18 ನಿಮಿಷ ಮಾತ್ರ. ಅಷ್ಟಕ್ಕೆ ವರ್ಷಗಟ್ಟಲೆ ತಯಾರಿ ನಡೆದಿತ್ತು.

ಇಳಿದ ಮೇಲೆ ವರದಿ ಬರೆಯೋದೂ ಒಂದು ವಿದ್ಯೆಯೇ. ‘ವಿಮಾನ ಚೆನ್ನಾಗಿದೆ’, ‘ಸ್ವಲ್ಪ ಭಾರ ಅನ್ನಿಸ್ತು’ ಅಂದ್ರೆ ಇಂಜಿನಿಯರ್‌ಗೆ ಏನೂ ತಿಳಿಯಲ್ಲ. ಅದಕ್ಕೆ ಜಗತ್ತಿನಾದ್ಯಂತ ಟೆಸ್ಟ್ ಪೈಲಟ್‌ಗಳು ಬಳಸುವ ಕೂಪರ್-ಹಾರ್ಪರ್ ಅನ್ನೋ ಅಳತೆಗೋಲು ಇದೆ. ಕೊಟ್ಟ ಕೆಲಸ ಮಾಡೋಕೆ ಪೈಲಟ್ ಎಷ್ಟು ಒದ್ದಾಡಬೇಕಾಯ್ತು ಅನ್ನೋದಕ್ಕೆ 1ರಿಂದ 10ರವರೆಗೆ ಅಂಕ. 1 ಅಂದ್ರೆ ಬಹಳ ಉತ್ತಮ, 10 ಅಂದ್ರೆ ವಿಮಾನ ಹಿಡಿತಕ್ಕೇ ಸಿಗಲ್ಲ. ತನಗೆ ಅನ್ನಿಸಿದ್ದನ್ನ ಹೀಗೆ ಅಂಕಿಗೆ ಇಳಿಸುವ ಅಭ್ಯಾಸ ಅವರಿಗೆ ರಕ್ತಗತ ಆಗಿರುತ್ತೆ.

ತಪ್ಪಿದ್ರೆ ಬೆಲೆ ಏನು?

2009ರ ಮಾರ್ಚ್ 6. ಬೆಂಗಳೂರಿನ ನ್ಯಾಷನಲ್ ಏರೋಸ್ಪೇಸ್ ಲ್ಯಾಬೊರೇಟರೀಸ್ ತಯಾರಿಸಿದ್ದ ‘ಸರಸ್’ ಅನ್ನೋ ಸಣ್ಣ ವಿಮಾನ ಪರೀಕ್ಷಾರ್ಥ ಹಾರಾಟದಲ್ಲಿತ್ತು. ಆಕಾಶದಲ್ಲೇ ಒಂದು ಇಂಜಿನ್ ಆಫ್ ಮಾಡಿ ಮತ್ತೆ ಚಾಲೂ ಮಾಡುವ ಪರೀಕ್ಷೆ ಅದು. ವಿಮಾನ ಹಿಡಿತ ತಪ್ಪಿ ಬಿಡದಿ ಹತ್ತಿರ ಬಿತ್ತು. ಇಬ್ಬರು ಟೆಸ್ಟ್ ಪೈಲಟ್‌ಗಳು, ಒಬ್ಬ ಫ್ಲೈಟ್ ಟೆಸ್ಟ್ ಇಂಜಿನಿಯರ್, ಮೂವರೂ ತೀರಿಕೊಂಡ್ರು. ಇಂಜಿನ್ ಮರಳಿ ಚಾಲೂ ಮಾಡೋಕೆ ವಿನ್ಯಾಸಕರು ಹಾಕಿಕೊಟ್ಟಿದ್ದ ಕ್ರಮವೇ ಸರಿ ಇರಲಿಲ್ಲ, ಅದನ್ನ ಮಾಡಿದ ಎತ್ತರವೂ ಸಾಕಾಗಿರಲಿಲ್ಲ ಅಂತ ತನಿಖೆಯಲ್ಲಿ ಬಂತು.

2019ರ ಫೆಬ್ರುವರಿ 1ರಂದು ಬೆಂಗಳೂರಿನ ಎಚ್‌ಎಎಲ್ ವಿಮಾನ ನಿಲ್ದಾಣದಲ್ಲಿ ಮೇಲ್ದರ್ಜೆಗೇರಿಸಿದ್ದ ಮಿರಾಜ್-2000 ಅಪಘಾತಕ್ಕೀಡಾಗಿ ಮತ್ತಿಬ್ಬರು ಟೆಸ್ಟ್ ಪೈಲಟ್‌ಗಳು ಜೀವ ಕಳಕೊಂಡ್ರು. ಕಾಗದದ ಮೇಲೆ ಬರೆದ ಒಂದು ಸಾಲು ಸರಿಯೋ ತಪ್ಪೋ ಅನ್ನೋದನ್ನ ಇವರು ಜೀವ ಒತ್ತೆ ಇಟ್ಟು ನೋಡಿ ಬರ್ತಾರೆ.

ಬಾಹ್ಯಾಕಾಶಕ್ಕೂ ಇವರಿಗೂ ನಂಟು ಹೇಗೆ ಬಂತು?

ಇದು ಶುರುವಾಗಿದ್ದು ಅಮೆರಿಕದಲ್ಲಿ. 1959ರಲ್ಲಿ ನಾಸಾ ತನ್ನ ಮೊದಲ ಏಳು ಗಗನಯಾತ್ರಿಗಳನ್ನ ಆರಿಸುವಾಗ ಮಿಲಿಟರಿ ಟೆಸ್ಟ್ ಪೈಲಟ್‌ಗಳನ್ನ ಮಾತ್ರ ಪರಿಗಣಿಸ್ತು. ಕನಿಷ್ಠ 1,500 ಗಂಟೆ ಹಾರಾಟ, ಟೆಸ್ಟ್ ಪೈಲಟ್ ಶಾಲೆಯ ತರಬೇತಿ, 40ಕ್ಕಿಂತ ಕಡಿಮೆ ವಯಸ್ಸು, ಸಣ್ಣ ಕ್ಯಾಪ್ಸೂಲ್‌ನಲ್ಲಿ ಹಿಡಿಸುವಷ್ಟು ಎತ್ತರ, ಹೀಗೆ ಷರತ್ತುಗಳಿದ್ದವು. ಆಗಿನ ಸೋವಿಯತ್ ಒಕ್ಕೂಟ ಬೇರೆ ದಾರಿ ಹಿಡೀತು. ಯೂರಿ ಗಗಾರಿನ್ ಟೆಸ್ಟ್ ಪೈಲಟ್ ಅಲ್ಲ, ಯುದ್ಧವಿಮಾನದ ಯುವ ಪೈಲಟ್.

ಟೆಸ್ಟ್ ಪೈಲಟ್‌ನ ಬೆಲೆ ಏನು ಅಂತ ಚೆನ್ನಾಗಿ ಗೊತ್ತಾಗಿದ್ದು 1966ರ ಮಾರ್ಚ್ 16ರಂದು. ಜೆಮಿನಿ-8 ನೌಕೆಯಲ್ಲಿ ನೀಲ್ ಆರ್ಮ್‌ಸ್ಟ್ರಾಂಗ್ ಮತ್ತು ಡೇವಿಡ್ ಸ್ಕಾಟ್ ಇದ್ರು. ಒಂದು ಥ್ರಸ್ಟರ್, ಅಂದ್ರೆ ನೌಕೆಯನ್ನ ಆಚೀಚೆ ತಿರುಗಿಸುವ ಸಣ್ಣ ರಾಕೆಟ್, ಬಂದ್ ಆಗದೆ ಹಾಗೇ ಉಳೀತು. ನೌಕೆ ಸೆಕೆಂಡಿಗೆ ಒಂದು ಸುತ್ತಿನಂತೆ ಬುಗುರಿ ಥರ ತಿರುಗತೊಡಗಿತು. ಇನ್ನೂ ಸ್ವಲ್ಪ ಹೊತ್ತಾಗಿದ್ರೆ ಇಬ್ಬರೂ ಪ್ರಜ್ಞೆ ತಪ್ತಿದ್ರು. ಆರ್ಮ್‌ಸ್ಟ್ರಾಂಗ್ ಆ ವ್ಯವಸ್ಥೆಯನ್ನೇ ಬಂದ್ ಮಾಡಿ, ಭೂಮಿಗೆ ವಾಪಸ್ ಬರುವಾಗ ಬಳಸಬೇಕಿದ್ದ ಬೇರೆ ಥ್ರಸ್ಟರ್‌ಗಳಿಂದ ತಿರುಗಾಟ ನಿಲ್ಲಿಸಿದ್ರು. ಆ ಥ್ರಸ್ಟರ್ ಒಮ್ಮೆ ಬಳಸಿದ್ರೆ ಯಾತ್ರೆ ಮುಗಿಸಿ ಇಳಿಯಲೇಬೇಕು ಅನ್ನೋದು ನಿಯಮ. ಮೂರು ದಿನದ ಯಾತ್ರೆ 11 ಗಂಟೆಯೊಳಗೆ ಮುಗೀತು, ಆದ್ರೆ ಇಬ್ಬರೂ ಬದುಕಿ ಬಂದ್ರು. ಮೂರು ವರ್ಷದ ನಂತರ ಚಂದ್ರನ ಮೇಲೆ ಮೊದಲು ಕಾಲಿಟ್ಟಿದ್ದು ಅದೇ ಆರ್ಮ್‌ಸ್ಟ್ರಾಂಗ್.

ಭಾರತದ ಮೊದಲ ಗಗನಯಾತ್ರಿ ರಾಕೇಶ್ ಶರ್ಮಾ ಅವರದೂ ವಾಯುಪಡೆಯ ಹಿನ್ನೆಲೆಯೇ. 1971ರ ಯುದ್ಧದಲ್ಲಿ ಮಿಗ್-21 ಹಾರಿಸಿದ್ದವರು. 1984ರ ಏಪ್ರಿಲ್ 3ರಂದು ಸೋವಿಯತ್ ನೌಕೆ ಸೋಯುಜ್ ಟಿ-11ರಲ್ಲಿ ಹೋಗಿ ಸುಮಾರು ಎಂಟು ದಿನ ಬಾಹ್ಯಾಕಾಶದಲ್ಲಿ ಕಳೆದ್ರು. ಅವರಿಗೆ ಬದಲಿಯಾಗಿ ತಯಾರಾಗಿದ್ದ ರವೀಶ್ ಮಲ್ಹೋತ್ರಾ ಅವರಿಗೆ ಅವಕಾಶ ಬರಲಿಲ್ಲ. ಶರ್ಮಾ ಹಿಂದಿರುಗಿದ ಮೇಲೆ ವಾಯುಪಡೆ ಬಿಟ್ಟು ಎಚ್‌ಎಎಲ್ ಸೇರಿ, ಮೊದಲು ನಾಸಿಕ್‌ನಲ್ಲಿ, ಆಮೇಲೆ ಬೆಂಗಳೂರಿನಲ್ಲಿ ಟೆಸ್ಟ್ ಪೈಲಟ್ ಆಗಿ ಕೆಲಸ ಮಾಡಿದ್ರು.

ಲಖನೌದಿಂದ ನಿಲ್ದಾಣದವರೆಗೆ

ಮುಂದಿನ ಭಾರತೀಯ ಹೋಗೋಕೆ 41 ವರ್ಷ ಹಿಡೀತು. ಶುಕ್ಲಾ ಅವರ ದಾರಿ ಹೀಗಿದೆ:

• 1985ರ ಅಕ್ಟೋಬರ್ 10: ಲಖನೌದಲ್ಲಿ ಜನನ. ರಾಕೇಶ್ ಶರ್ಮಾ ಹೋಗಿ ಬಂದು ಆಗಲೇ ಒಂದೂವರೆ ವರ್ಷ ಆಗಿತ್ತು.

• 1999: ಕಾರ್ಗಿಲ್ ಯುದ್ಧ. ಶಾಲೆಯಲ್ಲಿದ್ದ ಹುಡುಗನಿಗೆ ಸೇನೆ ಸೇರುವ ಮನಸ್ಸು ಬಂತು.

• 2005: ಪುಣೆ ಬಳಿಯ ಖಡಕ್‌ವಾಸ್ಲಾದ ರಾಷ್ಟ್ರೀಯ ರಕ್ಷಣಾ ಅಕಾಡೆಮಿ (ಎನ್‌ಡಿಎ) ಪದವಿ.

• 2006ರ ಜೂನ್: ವಾಯುಪಡೆಯ ಯುದ್ಧವಿಮಾನ ವಿಭಾಗಕ್ಕೆ ಅಧಿಕಾರಿಯಾಗಿ ಸೇರ್ಪಡೆ.

• ನಂತರ: ಸುಮಾರು 2,000 ಗಂಟೆ ಹಾರಾಟ. ಸುಖೋಯ್-30 ಎಂಕೆಐ, ಮಿಗ್-21, ಮಿಗ್-29, ಜಾಗ್ವಾರ್, ಹಾಕ್, ಡಾರ್ನಿಯರ್, ಆನ್-32. ಜೊತೆಗೆ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಏರೋಸ್ಪೇಸ್ ಇಂಜಿನಿಯರಿಂಗ್ ಎಂ.ಟೆಕ್.

• 2019: ಗಗನಯಾನಕ್ಕೆ ಆಯ್ಕೆ.

ಆ ವಿಮಾನಗಳ ಪಟ್ಟಿ ನೋಡಿ. ಸುಖೋಯ್ ಭಾರೀ ಯುದ್ಧವಿಮಾನ, ಹಾಕ್ ತರಬೇತಿ ವಿಮಾನ, ಆನ್-32 ಸಾಮಾನು-ಸೈನಿಕರನ್ನ ಹೊರುವಂಥದ್ದು. ಸಾಮಾನ್ಯ ಪೈಲಟ್ ಒಂದೆರಡು ಥರದ ವಿಮಾನದಲ್ಲಿ ಪಳಗಿರ್ತಾರೆ. ಟೆಸ್ಟ್ ಪೈಲಟ್ ಯಾವುದನ್ನ ಕೊಟ್ರೂ ಬೇಗ ಅರ್ಥ ಮಾಡ್ಕೋಬೇಕು. ಬಾಹ್ಯಾಕಾಶ ನೌಕೆಗೂ ಇದೇ ಗುಣ ಬೇಕು.

ಆಯ್ಕೆ ನಡೆದಿದ್ದು ಬೆಂಗಳೂರಿನಲ್ಲಿರುವ ವಾಯುಪಡೆಯ ಏರೋಸ್ಪೇಸ್ ಮೆಡಿಸಿನ್ ಸಂಸ್ಥೆಯಲ್ಲಿ. ಹೃದಯ, ಕಣ್ಣು, ಕಿವಿಯೊಳಗಿನ ಸಮತೋಲನ, ಬೆನ್ನುಮೂಳೆ, ಮಾನಸಿಕ ಸ್ಥಿತಿ ಎಲ್ಲದರ ಪರೀಕ್ಷೆ. ಮನುಷ್ಯನನ್ನ ಕೂರಿಸಿ ಗಿರಗಿರ ತಿರುಗಿಸಿ, ದೇಹದ ತೂಕ ಹಲವು ಪಟ್ಟು ಹೆಚ್ಚಿದಂತೆ ಮಾಡುವ ಸೆಂಟ್ರಿಫ್ಯೂಜ್ ಯಂತ್ರವೂ ಅಲ್ಲಿದೆ.

ಕೊನೆಗೆ ಉಳಿದವರು ನಾಲ್ವರು: ಪ್ರಶಾಂತ್ ಬಾಲಕೃಷ್ಣನ್ ನಾಯರ್, ಅಜಿತ್ ಕೃಷ್ಣನ್, ಅಂಗದ್ ಪ್ರತಾಪ್ ಮತ್ತು ಎಲ್ಲರಿಗಿಂತ ಕಿರಿಯ ಶುಭಾಂಶು ಶುಕ್ಲಾ. 2020ರ ಫೆಬ್ರುವರಿಯಿಂದ 2021ರ ಮಾರ್ಚ್‌ವರೆಗೆ ರಷ್ಯಾದ ಗಗಾರಿನ್ ತರಬೇತಿ ಕೇಂದ್ರದಲ್ಲಿ ತಯಾರಿ. ನೌಕೆ ಎಲ್ಲೋ ತಪ್ಪಿ ಇಳಿದ್ರೆ ಹಿಮದ ಕಾಡಿನಲ್ಲಿ, ನೀರಿನಲ್ಲಿ ಬದುಕೋದು ಹೇಗೆ ಅನ್ನೋದೂ ಅದರಲ್ಲಿ ಸೇರಿತ್ತು. ಆಮೇಲೆ ಬೆಂಗಳೂರಿನ ಇಸ್ರೋ ತರಬೇತಿ ಕೇಂದ್ರದಲ್ಲಿ ಮುಂದುವರಿಕೆ. ಇಷ್ಟೆಲ್ಲ ಆದ್ರೂ ಅವರ ಹೆಸರು ದೇಶಕ್ಕೆ ಗೊತ್ತಿರಲಿಲ್ಲ. ಪ್ರಧಾನಿ ಹೆಸರು ಪ್ರಕಟಿಸಿದ್ದು 2024ರ ಫೆಬ್ರುವರಿ 27ರಂದು.

ಹಾರೋಕೂ ಮುಂಚೆ ಕಾಯೋ ಪರೀಕ್ಷೆ

2024ರ ಆಗಸ್ಟ್‌ನಲ್ಲಿ ಅಮೆರಿಕದ ಆಕ್ಸಿಯಂ ಕಂಪನಿಯ ಆಕ್ಸಿಯಂ-4 ಯಾತ್ರೆಗೆ ಶುಕ್ಲಾ ಹೆಸರು ಬಂತು. ಬದಲಿಯಾಗಿ ನಾಯರ್. ಹೊರಡುವ ದಿನ 2025ರ ಮೇ 29 ಅಂತಿತ್ತು. ಅದು ಜೂನ್ 8 ಆಯ್ತು, 10 ಆಯ್ತು, 11 ಆಯ್ತು. ಫಾಲ್ಕನ್-9 ರಾಕೆಟ್‌ನಲ್ಲಿ ದ್ರವ ಆಮ್ಲಜನಕ ಸೋರೋದು ಕಂಡುಬಂತು. ಪೂರ್ತಿ ರಿಪೇರಿ ಆಗೋವರೆಗೆ ಹಾರಾಟ ಬೇಡ ಅಂತ ಇಸ್ರೋ ಅಧ್ಯಕ್ಷ ವಿ. ನಾರಾಯಣನ್ ತಂಡ ಪಟ್ಟು ಹಿಡೀತು. ಅದು ಸರಿಹೋಗೋ ಹೊತ್ತಿಗೆ ನಿಲ್ದಾಣದ ರಷ್ಯಾ ಭಾಗದಲ್ಲಿ ಗಾಳಿ ಸೋರಿಕೆಯ ಚಿಂತೆ. ನಾಲ್ವರು ಯಾತ್ರಿಗಳು ಒಂದು ತಿಂಗಳು ಕ್ವಾರಂಟೈನ್‌ನಲ್ಲೇ ಕೂತ್ರು.

ಸೋಷಿಯಲ್ ಮೀಡಿಯಾದಲ್ಲಿ ಆಗ ಬಹಳ ಜನ ಗೇಲಿ ಮಾಡಿದ್ದುಂಟು. ಆದ್ರೆ ಟೆಸ್ಟ್ ಹಾರಾಟದ ಜಗತ್ತಿನಲ್ಲಿ ‘ಇವತ್ತು ಬೇಡ’ ಅನ್ನೋದು ಸೋಲಲ್ಲ, ಅದೂ ಕೆಲಸದ ಭಾಗವೇ.

ಕೊನೆಗೆ ಜೂನ್ 25ರ ಮಧ್ಯಾಹ್ನ 12.01ಕ್ಕೆ, ನಮ್ಮ ಸಮಯ, ಫ್ಲೋರಿಡಾದಿಂದ ರಾಕೆಟ್ ಏರಿತು. ಕಮಾಂಡರ್ ಆಗಿ ಅಮೆರಿಕದ ಪೆಗಿ ವಿಟ್ಸನ್, ಜೊತೆಗೆ ಪೋಲೆಂಡ್ ಮತ್ತು ಹಂಗೇರಿಯ ಒಬ್ಬೊಬ್ಬರು. ಶುಕ್ಲಾ ಮಿಷನ್ ಪೈಲಟ್. ಡ್ರ್ಯಾಗನ್ ನೌಕೆ ತನ್ನಷ್ಟಕ್ಕೆ ತಾನೇ ಹೋಗಿ ನಿಲ್ದಾಣಕ್ಕೆ ಅಂಟಿಕೊಳ್ಳುತ್ತೆ. ಹಾಗಾದ್ರೆ ಪೈಲಟ್‌ಗೆ ಏನು ಕೆಲಸ? ಪರದೆ ಮೇಲೆ ಬರುವ ಪ್ರತಿ ಸಂಖ್ಯೆ ಗಮನಿಸೋದು, ಏನಾದ್ರೂ ಹೆಚ್ಚುಕಮ್ಮಿ ಆದ್ರೆ ಕಮಾಂಡರ್ ಜೊತೆ ಸೇರಿ ನಿಭಾಯಿಸೋದು. ಏನೂ ತೊಂದರೆ ಆಗದಿದ್ರೆ ಹೊರಗಿನವರಿಗೆ ಸುಮ್ಮನೆ ಕೂತಂತೆ ಕಾಣುತ್ತೆ. ಜೂನ್ 26ರಂದು ನೌಕೆ ನಿಲ್ದಾಣ ಸೇರಿತು. ಅಲ್ಲಿಗೆ ಹೋದ ಮೊದಲ ಭಾರತೀಯ ಅವರು.

ಧಾರವಾಡದ ಕಾಳು ಮತ್ತು 550 ಕೋಟಿಯ ಪ್ರಶ್ನೆ

ನಿಲ್ದಾಣದಲ್ಲಿ 18 ದಿನ ಇದ್ದು ಭಾರತದ ಏಳು ಪ್ರಯೋಗ ನಡೆಸಿದ್ರು. ಮೊಳಕೆ ಕಾಳಿನ ಪ್ರಯೋಗ ಧಾರವಾಡದ್ದು. ಕೃಷಿ ವಿವಿಯ ರವಿಕುಮಾರ್ ಹೊಸಮನಿ ಮತ್ತು ಧಾರವಾಡ ಐಐಟಿಯ ಸುಧೀರ್ ಸಿದ್ದಾಪುರೆಡ್ಡಿ ಇದರ ಹಿಂದಿದ್ದಾರೆ. ಮುಂಗಾರಿಗೆ ನಮ್ಮ ಹೊಲಗಳಲ್ಲಿ ಬಿತ್ತುವ ಹೆಸರು, ರೊಟ್ಟಿ ಜೊತೆ ಹಸಿಯಾಗೇ ತಿನ್ನುವ ಮೆಂತ್ಯ, ಇವೆರಡನ್ನೇ ಆರಿಸಿದ್ದಕ್ಕೆ ಕಾರಣ ಇದೆ. ಮೊಳಕೆ ಬರೋಕೆ ಮಣ್ಣು ಬೇಡ, ಒಲೆ ಬೇಡ. ಸ್ವಲ್ಪ ನೀರು, ಎರಡು-ಮೂರು ದಿನ ಸಾಕು, ತಾಜಾ ಪೌಷ್ಟಿಕ ಆಹಾರ ಸಿಗುತ್ತೆ. ಮುಂದೆ ತಿಂಗಳುಗಟ್ಟಲೆ ಬಾಹ್ಯಾಕಾಶದಲ್ಲಿ ಇರುವವರಿಗೆ ಇದು ಉಪಯೋಗ ಆಗುತ್ತಾ ಅನ್ನೋದು ಪ್ರಶ್ನೆ. ತೂಕವಿಲ್ಲದ ಜಾಗದಲ್ಲಿ ಬಂದ ಮೊಳಕೆಯ ಪೋಷಕಾಂಶ, ಅದರ ಮೇಲಿನ ಸೂಕ್ಷ್ಮಜೀವಿಗಳು, ವಂಶವಾಹಿಯಲ್ಲಿ ಆಗುವ ಬದಲಾವಣೆ ಇವನ್ನ ನೋಡೋದು ಉದ್ದೇಶ.

ಇನ್ನೊಂದು ಪ್ರಯೋಗ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯದು. ತೂಕವಿಲ್ಲದಾಗ ಕಂಪ್ಯೂಟರ್ ಪರದೆ ಬಳಸೋದು ಎಷ್ಟು ಕಷ್ಟ, ಕಣ್ಣು-ಬೆರಳು ಹೇಗೆ ಕೆಲಸ ಮಾಡ್ತವೆ ಅಂತ ಅಳೆಯೋದು. ಟೆಸ್ಟ್ ಪೈಲಟ್‌ಗೆ ಹೇಳಿ ಮಾಡಿಸಿದಂಥ ಕೆಲಸ.

ಜುಲೈ 15ರಂದು ನೌಕೆ ಕ್ಯಾಲಿಫೋರ್ನಿಯಾದ ಸ್ಯಾನ್ ಡಿಯಾಗೊ ಬಳಿ ಸಮುದ್ರಕ್ಕೆ ಇಳೀತು. ಮರಳಿದ ಮೇಲೆ ಶುಕ್ಲಾ ಒಂದು ಸಂಗತಿ ಹೇಳಿದ್ರು. ಕೆಲಸ ಮುಗಿಸಿ ಲ್ಯಾಪ್‌ಟಾಪನ್ನ ಗಾಳಿಯಲ್ಲಿ ತೇಲುತ್ತೆ ಅಂತ ಹಾಸಿಗೆ ಪಕ್ಕ ಬಿಟ್ಟುಬಿಟ್ರಂತೆ. ಅದು ನೆಲಕ್ಕೆ ಬಿತ್ತು. ಕಾರ್ಪೆಟ್ ಇದ್ದಿದ್ದಕ್ಕೆ ಬಚಾವ್. ಮೊಬೈಲ್ ಫೋನ್ ಕೂಡ ಭಾರ ಅನ್ನಿಸಿತ್ತಂತೆ. ಕೇಳೋಕೆ ತಮಾಷೆ, ಆದ್ರೆ 20 ದಿನದಲ್ಲಿ ಮನುಷ್ಯನ ಮೆದುಳು ಎಷ್ಟು ಬದಲಾಗುತ್ತೆ ಅನ್ನೋದಕ್ಕೆ ಇದೇ ಸಾಕ್ಷಿ.

ಈ ಯಾತ್ರೆಗೆ ಭಾರತ ಸುಮಾರು 550 ಕೋಟಿ ರೂಪಾಯಿ ಖರ್ಚು ಮಾಡಿದೆ. ‘ದುಡ್ಡು ಕೊಟ್ಟು ಟಿಕೆಟ್ ತಗೊಂಡ ಹಾಗಾಯ್ತಲ್ಲ’ ಅನ್ನೋ ಟೀಕೆ ಬಂದಿದೆ. ಪ್ರಶ್ನೆ ತಪ್ಪಲ್ಲ. ರಾಕೆಟ್ ನಮ್ಮದಲ್ಲ, ನೌಕೆ ನಮ್ಮದಲ್ಲ, ನಿಲ್ದಾಣವೂ ನಮ್ಮದಲ್ಲ. ಆದ್ರೆ ಸೀಟಿನಲ್ಲಿ ಕೂತವರು ಯಾರು ಅನ್ನೋದರ ಮೇಲೆ ಆ ದುಡ್ಡಿನ ಲೆಕ್ಕ ನಿಲ್ಲುತ್ತೆ. ಸೀಟು ಹೇಗಿತ್ತು, ಸೂಟ್ ಎಲ್ಲಿ ಒತ್ತಿತು, ಯಾವ ಹೊತ್ತಿಗೆ ತಲೆ ತಿರುಗಿತು, ಯಾವ ಬಟನ್ ಕೈಗೆ ಎಟುಕಲಿಲ್ಲ, ನಿಯಂತ್ರಣ ಕೇಂದ್ರದವರು ಯಾವಾಗ ಏನು ಹೇಳಿದ್ರು, ಇಂಥ ನೂರಾರು ವಿಷಯ ಯಾವ ಪುಸ್ತಕದಲ್ಲೂ ಸಿಗಲ್ಲ. ಅದನ್ನ ನೋಡಿ, ನೆನಪಿಟ್ಟು, ಇಂಜಿನಿಯರ್‌ಗೆ ಅರ್ಥವಾಗೋ ಭಾಷೆಯಲ್ಲಿ ಹೇಳೋದನ್ನೇ ಶುಕ್ಲಾ ವರ್ಷಗಟ್ಟಲೆ ಮಾಡಿಕೊಂಡು ಬಂದಿದ್ದಾರೆ. ಪೂರ್ತಿ ತಯಾರಾಗಿ ಕೊನೆಗೆ ನೆಲದ ಮೇಲೇ ಉಳಿದ ನಾಯರ್ ಅವರ ಅನುಭವವೂ ಇಸ್ರೋಗೆ ಅಷ್ಟೇ ಬೇಕು.

ನಿಜವಾದ ಟೆಸ್ಟ್ ಹಾರಾಟ ಇನ್ನೂ ಬಾಕಿ

ಡ್ರ್ಯಾಗನ್ ಮಾದರಿಯ ನೌಕೆಯಲ್ಲಿ 2020ರಿಂದಲೇ ಜನ ಓಡಾಡ್ತಿದ್ದಾರೆ. ಗಗನಯಾನದ ಕ್ಯಾಪ್ಸೂಲ್ ಹಾಗಲ್ಲ, ಅದರಲ್ಲಿ ಮನುಷ್ಯರು ಕೂತು ಹೋಗೋದು ಅದೇ ಮೊದಲು. ಮೊದಲು ಮನುಷ್ಯರಿಲ್ಲದ ಹಾರಾಟಗಳು, ಅವು ಸರಿಯಾದ ಮೇಲೆ ಯಾತ್ರಿಗಳು ಅನ್ನೋದು ಇಸ್ರೋ ಲೆಕ್ಕ. ಯಾತ್ರಿಗಳನ್ನ ಕಳಿಸೋಕೆ 2027ರ ಗುರಿ ಹೇಳಲಾಗಿದೆ. ಹಿಂದೆಯೂ ದಿನಾಂಕ ಮುಂದೆ ಹೋಗಿದೆ. 2019ರಲ್ಲಿ ಆಯ್ಕೆಯಾದ ನಾಲ್ವರಲ್ಲಿ ಮೂವರು ಇನ್ನೂ ಕಾಯ್ತಿದ್ದಾರೆ, ವಯಸ್ಸು ಯಾರಿಗೂ ನಿಲ್ಲಲ್ಲ.

ಜಿಲ್ಲೆಯ ವಿದ್ಯಾರ್ಥಿಗಳಿಗೆ: ದಾರಿ ಎಲ್ಲಿಂದ?

• ಪಿಯುಸಿಯಲ್ಲಿ ಭೌತಶಾಸ್ತ್ರ ಮತ್ತು ಗಣಿತ ಇರಲೇಬೇಕು. ಎನ್‌ಡಿಎ ಪರೀಕ್ಷೆಯನ್ನ ಯುಪಿಎಸ್‌ಸಿ ವರ್ಷಕ್ಕೆ ಎರಡು ಸಲ ನಡೆಸುತ್ತೆ. ಪಿಯುಸಿ ಎರಡನೇ ವರ್ಷದಲ್ಲಿ ಇರುವವರೂ ಬರೆಯಬಹುದು. 19ರ ಆಸುಪಾಸಿಗೆ ಈ ಬಾಗಿಲು ಮುಚ್ಚುತ್ತೆ.

• ಪದವಿ ಮುಗಿಸಿದವರಿಗೆ ಸಿಡಿಎಸ್ ಮತ್ತು ಎಎಫ್‌ಕ್ಯಾಟ್ ಪರೀಕ್ಷೆಗಳಿವೆ.

• ವಾಯುಪಡೆಯ ಆಯ್ಕೆ ಮಂಡಳಿಗಳಲ್ಲಿ ಒಂದು ಮೈಸೂರಿನಲ್ಲೇ ಇದೆ. ಪೈಲಟ್ ಆಗೋರಿಗೆ ಅಲ್ಲಿ ಕಂಪ್ಯೂಟರ್ ಮೇಲೆ ನಡೆಯುವ ವಿಶೇಷ ಪರೀಕ್ಷೆ ಜೀವನದಲ್ಲಿ ಒಂದೇ ಸಲ. ಫೇಲಾದ್ರೆ ಬೇರೆ ವಿಭಾಗಕ್ಕೆ ಹೋಗಬಹುದು, ಪೈಲಟ್ ಆಗೋ ಹಾಗಿಲ್ಲ.

• ಹತ್ತಿರದ ಶಾಲೆಗಳು: ವಿಜಯಪುರದ ಸೈನಿಕ ಶಾಲೆ. ಹೆಣ್ಣುಮಕ್ಕಳಿಗೆ ಕಿತ್ತೂರು ರಾಣಿ ಚನ್ನಮ್ಮ ಸೈನಿಕ ಶಾಲೆ.

• ಹೆಣ್ಣುಮಕ್ಕಳು ಗಮನಿಸಬೇಕಾದ್ದು: ಮೊದಲ ನಾಲ್ವರಲ್ಲಿ ಮಹಿಳೆಯರಿಲ್ಲ. ಯುದ್ಧವಿಮಾನದ ಪೈಲಟ್ ಆಗಿ ಮೊದಲ ಮೂವರು ಮಹಿಳೆಯರು ವಾಯುಪಡೆ ಸೇರಿದ್ದೇ 2016ರಲ್ಲಿ. ಅಲ್ಲಿಂದ ಟೆಸ್ಟ್ ಪೈಲಟ್ ಆಗೋಕೆ ವರ್ಷಗಳ ಅನುಭವ ಬೇಕು. ಎನ್‌ಡಿಎ ಬಾಗಿಲು ಹೆಣ್ಣುಮಕ್ಕಳಿಗೆ ತೆರೆದಿದ್ದು ಸುಪ್ರೀಂ ಕೋರ್ಟ್ ಆದೇಶದಿಂದ 2021ರಲ್ಲಿ. ಅಲ್ಲಿನ ಮೊದಲ 17 ಹೆಣ್ಣುಮಕ್ಕಳು 2025ರ ಮೇ ತಿಂಗಳಲ್ಲಿ ಹೊರಬಂದಿದ್ದಾರೆ.

ಲೆಕ್ಕ ಹಾಕಿದ್ರೆ ಶುಕ್ಲಾ ಅಧಿಕಾರಿಯಾದ ದಿನದಿಂದ ನಿಲ್ದಾಣ ತಲುಪೋಕೆ 19 ವರ್ಷ ಹಿಡಿದಿದೆ. ಇವತ್ತು ಪಿಯುಸಿ ಮೊದಲ ವರ್ಷದಲ್ಲಿ ಇರುವವರು ಇದೇ ದಾರಿ ಹಿಡಿದ್ರೆ ಸರದಿ ಬರೋದು ನಲವತ್ತರ ಹತ್ತಿರ. ಅರ್ಜಿ ಹಾಕೋ ದಿನ ಮಾತ್ರ ಬಹಳ ದೂರ ಇಲ್ಲ.